ಹರಿದ ಮೊದಲ ಹಾಳೆ

ನಿನ್ನ ಅಬ್ಬಾನ ಮನೆಯಲ್ಲಿ ಸಿಕ್ಕ ಆ ಇಂಗ್ಲಿಷ್ ಪುಸ್ತಕ ನನ್ನದು, ಮೆಹರು. ನಮ್ಮ ವಾಡೆಯ ಆಳು ದುರುಗವ್ವನಿಗೆ ಅದರ ಕತೆ ಹೇಳಿದವಳೂ ನಾನೇ. ನಿನ್ನ ಅಬ್ಬಾ, ಇಮಾಮಸಾಬ್ ಮಾಸ್ತರರು, ಅವಳೊಂದಿಗೆ ಒಂದು ಮಾತನ್ನೂ ಆಡಿದವರಲ್ಲ. ಇಷ್ಟನ್ನು ಅಂದು ನಮ್ಮ ಅಂಗಳದಲ್ಲಿ ನಿಂತು ಹೇಳಿದ್ದರೆ ಸಾಕಿತ್ತು — ಹೇಳಲಿಲ್ಲ. ಆಮೇಲೆಯೂ ಹೇಳಲಿಲ್ಲ. ಹೇಳಬಹುದಾಗಿದ್ದ ದಿನಗಳೆಲ್ಲ ಒಂದೊಂದಾಗಿ ನನ್ನ ಕಣ್ಣೆದುರೇ ಹಾದುಹೋದವು.

ನನ್ನನ್ನು ಹೆದರಿಸುವವರು ಈಗ ಯಾರೂ ಉಳಿದಿಲ್ಲ. ಮಾವನವರು ತೀರಿಕೊಂಡು ಎಷ್ಟೋ ವರ್ಷಗಳಾದವು. ನನ್ನ ಯಜಮಾನರೂ ಹೋದರು. ಆದರೂ ಇದನ್ನು ಬರೆಯುವಾಗ ಕೆಳಗೆ ಮಗ ಕೆಮ್ಮಿದರೆ ಕೈ ತಾನಾಗಿ ನಿಂತುಬಿಡುತ್ತದೆ. ಮುದುಕಿಯಾದರೂ ಅಂಜಿಕೆಗೆ ವಯಸ್ಸಾಗುವುದಿಲ್ಲವೇನೋ.

ನಾನು ಗದಗಿನವಳು ಎಂಬುದು ನಿನಗೆ ನೆನಪಿರಲಿಕ್ಕಿಲ್ಲ. ಮೂವತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಹನುಮಸಾಗರದ ಹತ್ತಿರದ ಈ ಹಳ್ಳಿಗೆ, ಗೌಡರ ವಾಡೆಗೆ ಕೊಟ್ಟರು. ನಿಜಾಮರ ಸೀಮೆಗೆ ನಮ್ಮ ಕಡೆ ಮೊಗಲಾಯಿ ಎನ್ನುತ್ತಿದ್ದರು. ಮೊಗಲಾಯಿಗೆ ಹೆಣ್ಣು ಕೊಡಬೇಡ ಎಂದು ನನ್ನ ಅಜ್ಜಿ ಅತ್ತಳು. ಗಜೇಂದ್ರಗಡ ದಾಟಿ, ಸುಂಕದ ನಾಕಾದಲ್ಲಿ ಬಂಡಿ ನಿಲ್ಲಿಸಿ ನನ್ನ ಟ್ರಂಕು ತೆಗೆಸಿ ನೋಡಿದಾಗ ಸೀರೆಗಳ ಕೆಳಗೆ ಇದ್ದ ಪುಸ್ತಕವನ್ನು ನಾಕಾದವನು ಒಮ್ಮೆ ತಿರುವಿ ಮತ್ತೆ ಒಳಗೆ ಹಾಕಿದ. ಅವನು ಅದನ್ನು ಅಲ್ಲೇ ಇಟ್ಟುಕೊಂಡಿದ್ದರೆ ಎಂದು ಎಷ್ಟು ಸಲ ಅಂದುಕೊಂಡಿದ್ದೇನೋ.

ಅದು ನನ್ನ ಸಾಲೆಯ ಬಾಯಿಯವರು, ನಮಗೆ ಕಲಿಸಿದ ಶಿಕ್ಷಕಿ, ಮದುವೆಗೆಂದು ಕೊಟ್ಟದ್ದು. ಬರೆದವಳು ಅಮೆರಿಕಾದ ಒಬ್ಬ ಕಾದಂಬರಿಗಾರ್ತಿ. ಅವಳ ಹೆಸರು ನಮ್ಮ ನಾಲಗೆಗೆ ಹೊರಳುತ್ತಿರಲಿಲ್ಲ. ಬಾಯಿಯವರಿಗೆ ಅವಳ ಮೇಲೆ ಎಷ್ಟು ಪ್ರೀತಿಯೆಂದರೆ, ಹೊಲಿಗೆಯ ತರಗತಿಯಲ್ಲಿ ನಾವು ತಲೆ ಬಗ್ಗಿಸಿ ಕೂತಾಗ ಅವಳ ಬದುಕನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ತಂದೆತಾಯಿ ಸತ್ತ ಮೇಲೆ ಅವಳನ್ನು ಒಂದು ದೊಡ್ಡ ಒಕ್ಕಲುಮನೆಯವರು ಅನ್ನಕ್ಕಾಗಿ ಕೆಲಸಕ್ಕಿಟ್ಟುಕೊಂಡರಂತೆ. ಮಲಗುವ ಕೋಣೆಯ ಹಲಗೆಗಳ ಸಂದಿನಲ್ಲಿ ಥಂಡಿಗಾಳಿ ನುಗ್ಗದಂತೆ ಹಳೆಯ ಪತ್ರಿಕೆಗಳನ್ನು ಅಂಟಿಸಿದ್ದರಂತೆ. ಆ ಗೋಡೆಯನ್ನೇ ಓದಿ ಓದಿ ಅವಳು ಅಕ್ಷರ ಗಟ್ಟಿ ಮಾಡಿಕೊಂಡಳು. ಒಂದು ದಿನ ನಡುಹಗಲಿನಲ್ಲಿ, ಎಲ್ಲರೂ ನೋಡುತ್ತಿರುವಾಗಲೇ, ನೀರಿಗೆ ಹೋದಳು. ಬಾವಿಯ ಕಟ್ಟೆಯ ಮೇಲೆ ಬಕೆಟ್ಟು ಇಟ್ಟಳು. ಹಾಗೇ ಮುಂದೆ ನಡೆದುಬಿಟ್ಟಳು.

ನೇಯ್ಗೆ ಗಿರಣಿಯೊಂದರಲ್ಲಿ ದುಡಿಯುತ್ತ ಅವಳು ಮೊದಲ ಕಾದಂಬರಿ ಬರೆದಳು. ಅದರ ತುಂಬ ಆ ಒಕ್ಕಲುಮನೆಯೇ. ಅವಳ ಊರಿನ ದೊಡ್ಡವರು ಪುಸ್ತಕವನ್ನು ರಸ್ತೆಗೆ ಹಾಕಿ ಸುಟ್ಟರು. ಆದರೆ ಅದು ಬೇರೆ ಬೇರೆ ಊರುಗಳಲ್ಲಿ ಓದಿಸಿಕೊಂಡಿತು, ಅಡುಗೆಮನೆಗಳಲ್ಲಿ, ಗಿರಣಿಗಳಲ್ಲಿ. ದೇಶಕ್ಕೆ ದೇಶವೇ ಅವಳ ಹೆಸರು ಹೇಳುವಂತಾಯಿತು. ಅದೇ ಪುಸ್ತಕ ನನ್ನ ಟ್ರಂಕಿನಲ್ಲಿದ್ದದ್ದು. ಮೊದಲ ಪುಟಗಳಲ್ಲಿ ಅವಳ ಬದುಕಿನ ಕತೆ, ಅವಳದೊಂದು ಚಿತ್ರ. ಅದಕ್ಕೂ ಮೊದಲಿನ ಬಿಳಿ ಹಾಳೆಯ ಮೇಲೆ ಬಾಯಿಯವರ ಕೈಬರಹದಲ್ಲಿ ನನ್ನ ಹೆಸರು, ನನ್ನ ತಂದೆಯ ಹೆಸರು, ಗದಗ.

ವಾಡೆಯಲ್ಲಿ ಓದುವ ಹೆಣ್ಣು ನಾನೊಬ್ಬಳೇ. ಅತ್ತೆಯವರಿಗೆ ಅದು ತಮಾಷೆ, ಮಾವನವರಿಗೆ ಒಂದು ಬಗೆಯ ಹೆಮ್ಮೆ. ಇಂಗ್ಲಿಷು ಬಲ್ಲ ಸೊಸೆ ಎಂದು ಕುಷ್ಟಗಿಯಿಂದ ಬಂದ ಅಧಿಕಾರಿಗಳ ಮುಂದೆ ಹೇಳುತ್ತಿದ್ದರು. ಆದರೆ ನನ್ನ ಇಂಗ್ಲಿಷು ಅರೆಬರೆಯದು. ಎಷ್ಟೋ ಮಾತುಗಳು ತಿಳಿಯುತ್ತಿರಲಿಲ್ಲ. ನಿನ್ನ ಅಬ್ಬಾ ಆಗ ನಮ್ಮ ಊರಿನ ಸಾಲೆಯ ಮಾಸ್ತರರು. ಸಂಜೆ ವಾಡೆಯ ಪಡಸಾಲೆಗೆ ಬಂದು ಮನೆಯ ಹುಡುಗರಿಗೆ ಉರ್ದು, ಲೆಕ್ಕ ಹೇಳಿಕೊಡುತ್ತಿದ್ದರು. ರಾಯಚೂರಿನಲ್ಲಿ ಓದಿದವರು, ಇಂಗ್ಲಿಷ್ ಬಲ್ಲವರು. ಆ ವರ್ಷ ಮೊಹರಂನ ಅಲಾಯಿ ಹಬ್ಬಕ್ಕೆ ವಾಡೆಯ ಹೆಂಗಸರೆಲ್ಲ ದೇವರು ನೋಡಲು ಹೋದಾಗ ನಾನು ನಿಮ್ಮ ಮನೆಯಲ್ಲಿ ಶರಬತ್ತು ಕುಡಿದೆ. ಸೆರಗಿನೊಳಗಿಂದ ಪುಸ್ತಕ ತೆಗೆದು ನಿನ್ನ ಅಮ್ಮಿಯ ಕೈಗೆ ಕೊಟ್ಟು, ಪೆನ್ಸಿಲಿನ ಗುರುತು ಇದ್ದಲ್ಲಿ ಅರ್ಥ ಬರೆದುಕೊಡಲಿ ಎಂದೆ. ಅಮ್ಮಿ ಅದನ್ನು ದುಪಟ್ಟಾದಲ್ಲಿ ಸುತ್ತಿಕೊಂಡರು. ಯಾರಿಗೂ ಹೇಳುವುದಿಲ್ಲ ಎಂಬಂತೆ ನನ್ನ ಕೈ ಒತ್ತಿದರು. ಒತ್ತಿದ ಹಾಗೆಯೇ ನಡೆದುಕೊಂಡರು ಕೂಡ — ಸಾಯುವ ತನಕ.

ಅದಕ್ಕೂ ಮೊದಲೇ ನಾನು ದುರುಗವ್ವನಿಗೆ ಕತೆ ಹೇಳಿ ಮುಗಿಸಿದ್ದೆ.

ದುರುಗವ್ವ ನನ್ನ ಓರಗೆಯವಳು. ಬರದ ವರ್ಷವೊಂದರಲ್ಲಿ ಅವಳ ಅಪ್ಪ ವಾಡೆಯಿಂದ ಜೋಳ ಸಾಲ ಒಯ್ದಿದ್ದನಂತೆ, ತೀರಿಸುವ ಮೊದಲೇ ಸತ್ತ. ಅವಳು ಚಿಕ್ಕಂದಿನಿಂದ ಜೀತಕ್ಕೆ ಉಳಿದಳು. ಅವಳ ಮದುವೆಯ ಮಾತು ಯಾರೂ ಎತ್ತುತ್ತಿರಲಿಲ್ಲ. ವಾಡೆಯ ಗಂಡಸರ ಕಣ್ಣು ಅವಳ ಮೇಲೆ — ಅದನ್ನು ನಾನು ಬರೆಯಲಾರೆ. ನನಗೆ ಗೊತ್ತಿತ್ತು. ಎಲ್ಲ ಹೆಂಗಸರಿಗೂ ಗೊತ್ತಿತ್ತು. ಮಧ್ಯಾಹ್ನ ಜೋಳ ಹಸನು ಮಾಡುವಾಗ ನಾನು ಅವಳ ಎದುರು ಕೂತು ಅಮೆರಿಕಾದ ಕತೆ ಹೇಳುತ್ತಿದ್ದೆ. ಚಿತ್ರ ತೋರಿಸಿದಾಗ ದುರುಗವ್ವ ಮುಖ ನೋಡಲಿಲ್ಲ. ಚಿತ್ರದ ಆ ಮುದುಕಿ ಮಡಿಲಲ್ಲಿಟ್ಟುಕೊಂಡಿದ್ದ ದಪ್ಪ ಗೆಣ್ಣಿನ ಕೈಗಳನ್ನೇ ನೋಡಿದಳು.

"ಇವು ಸೆಗಣಿ ಕುಳ್ಳು ತಟ್ಟಿದ ಕೈ ಅದಾವ್ರಿ, ಸಣ್ಣವ್ವಾರ," ಎಂದಳು. ಆಮೇಲೆ ಕೇಳಿದಳು, "ಆಕೀನ ಹುಡುಕಲಿಲ್ಲೇನ್ರಿ ಅವರು?"

ಹುಡುಕಿದರು, ಸಿಗಲಿಲ್ಲ ಎಂದೆ. ಅವಳು ಮತ್ತೆ ಜೋಳ ಹಸನು ಮಾಡತೊಡಗಿದಳು.

ನನಗೇನು ಗೊತ್ತಿತ್ತು, ಬರಿ ಕತೆ ಹೇಳಿದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡೆ. ಅದೂ ಪೂರ್ತಿ ನಿಜವಲ್ಲ. ಗಜೇಂದ್ರಗಡದ ದಾರಿ ಯಾವ ಕಡೆ ಎಂದು ಅವಳು ಕೇಳಿದ ದಿನ ನಾನು ಕೈಮಾಡಿ ತೋರಿಸಿದ್ದೆ. ಅಲ್ಲಿಂದಾಚೆ ಇಂಗ್ರೇಜರ ಸೀಮೆ, ಗೌಡರ ಮಾತು ನಡೆಯುವುದಿಲ್ಲ ಎಂದೂ ಹೇಳಿದ್ದೆ.

ಜೋಳ ಆಳೆತ್ತರ ಬೆಳೆದು ತೆನೆ ಕಟ್ಟುವ ಕಾಲ. ಒಂದು ಮಧ್ಯಾಹ್ನ ದುರುಗವ್ವ ನೀರಿಗೆ ಹೋದವಳು ಬರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಕೊಡ, ಅದರ ಪಕ್ಕ ತಲೆಯ ಮೇಲಿಡುವ ಸಿಂಬಿ ಇದ್ದವು ಎಂದು ಯಾರೋ ಬಂದು ಹೇಳಿದರು. ಅದನ್ನು ಕೇಳಿದ ಕೂಡಲೇ ನನಗೆ ಅಮೆರಿಕಾದ ಆ ಬಕೆಟ್ಟು ನೆನಪಾಯಿತು. ಉಳಿದವರೆಲ್ಲ ಅವಳು ಬಾವಿಗೆ ಬಿದ್ದಳೆಂದು ಓಡಿದರು, ಪಾತಾಳಗರಡಿ ಹಾಕಿ ಜಾಲಾಡಿದರು. ಬಾವಿಯಲ್ಲಿ ಅವಳಿಲ್ಲ ಎಂದು ತಿಳಿದಿದ್ದವಳು ನಾನೊಬ್ಬಳೇ. ಅಂದು ನಾನು ಅತ್ತೆಯವರ ಜೊತೆ ಕೂತು ಗಟ್ಟಿಯಾಗಿ ಅತ್ತೆ. ಅದು ಭಯದ ಅಳು. ದುಃಖದ್ದು ಎಂದು ಎಲ್ಲರೂ ನಂಬಿದರು.

ಬಾವಿ ಬರಿದೆಂದು ಗೊತ್ತಾದ ಮೇಲೆ ವಿಚಾರಣೆ ಶುರುವಾಯಿತು. ಕಸಮುಸುರೆಯ ಮುದುಕಿಯೊಬ್ಬಳು ಬಾಯಿಬಿಟ್ಟಳು — ಅಮೆರಿಕಾದಲ್ಲಿ ಒಬ್ಬಾಕೆ ಕೊಡ ಇಟ್ಟು ಹೋದಳಂತೆ, ಪುಸ್ತಕದಲ್ಲಿ ಇದೆಯಂತೆ ಎಂದು ದುರುಗವ್ವ ಹೇಳುತ್ತಿದ್ದಳು ಎಂದು. ಊರಿನಲ್ಲಿ ಪುಸ್ತಕ ಇದ್ದದ್ದು ಯಾರ ಮನೆಯಲ್ಲಿ? ಮಾಸ್ತರರ ಮನೆಯಲ್ಲಿ. ನನ್ನ ಪುಸ್ತಕವನ್ನು ವಾಡೆಯಲ್ಲಿ ದುರುಗವ್ವನ ಹೊರತು ಯಾರೂ ಕಂಡಿರಲಿಲ್ಲ. ಮರುದಿನ ಬೆಳಿಗ್ಗೆಯೇ ಮಾವನವರು ಆಳುಗಳನ್ನು ನಿಮ್ಮ ಮನೆಗೆ ಕಳಿಸಿದರು.

ನಾನು ಅಡುಗೆಮನೆಯ ಕಿಂಡಿಯಿಂದ ನೋಡುತ್ತಿದ್ದೆ. ನಿನ್ನ ಅಬ್ಬಾ ಟೋಪಿಯಿಲ್ಲದೆ ಅಂಗಳಕ್ಕೆ ಬಂದರು. ತೊಟ್ಟುಕೊಳ್ಳಲು ಸಮಯ ಕೊಟ್ಟಿರಲಿಲ್ಲ. ಆಳು ಪುಸ್ತಕವನ್ನು ಮಾವನವರ ಕೈಗಿಟ್ಟ. ಈಗ ರಟ್ಟು ತೆರೆಯುತ್ತಾರೆ, ನನ್ನ ಹೆಸರು ಕಾಣುತ್ತದೆ. ಬಾಯಿಯವರು ಅದನ್ನು ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿದ್ದರು, ಮಾವನವರು ಓದಬಲ್ಲಂಥ ಕನ್ನಡದಲ್ಲಿ. ನನ್ನ ಹೊಟ್ಟೆಯಲ್ಲಿ ಆಗ ಮಗುವಿತ್ತು. ಆ ಮನೆಯಿಂದ ಹಿಂದೆ ಒಬ್ಬ ಸೊಸೆಯನ್ನು ತವರಿಗೆ ಅಟ್ಟಿದ್ದರು. ಅವಳ ಮಗ ಅದೇ ಅಂಗಳದಲ್ಲಿ ಆಡುತ್ತ ಬೆಳೆಯುತ್ತಿದ್ದ, ತಾಯಿ ಸತ್ತಳೆಂದು ನಂಬಿಕೊಂಡು. ಪರಗಂಡಸಿಗೆ ಪುಸ್ತಕ ಕೊಟ್ಟವಳು, ಆಳನ್ನು ಓಡಿಸಿದವಳು — ನನ್ನ ಮಗುವಿಗೂ ನಾನು ಸತ್ತವಳಾಗುತ್ತೇನೆ ಎಂದು ಅಲ್ಲಿ ನಿಂತು ಲೆಕ್ಕ ಹಾಕಿದೆ. ಇದು ನೆವವಲ್ಲ, ಮೆಹರು. ಯಾವುದಕ್ಕೆ ಅಂಜಿದೆ ಎಂದು ಹೇಳುತ್ತಿದ್ದೇನೆ, ಅಷ್ಟೆ.

ಮಾವನವರು ರಟ್ಟು ತೆರೆದರು. ಮೊದಲ ಹಾಳೆ ಇರಲಿಲ್ಲ.

ಹೊಲಿಗೆಯ ಹತ್ತಿರ ಹರಿದ ಅಂಚಷ್ಟೇ ಉಳಿದಿತ್ತು. ಆಳುಗಳು ಬಾಗಿಲು ಬಡಿಯುವ ಹೊತ್ತಿಗೆ ನಿನ್ನ ಅಬ್ಬಾ ಅದನ್ನು ಕಿತ್ತಿದ್ದರು. ಪುಸ್ತಕವನ್ನೇ ಒಲೆಗೆ ಹಾಕಲು ಹೊತ್ತು ಸಾಲಲಿಲ್ಲವೋ, ಇನ್ನೊಬ್ಬರ ಪುಸ್ತಕ ಸುಡಬಾರದು ಎಂದುಕೊಂಡರೋ. ಆ ಹಾಳೆ ಏನಾಯಿತೆಂದು ನನಗೆ ಗೊತ್ತಿಲ್ಲ. ನಿನ್ನ ಅಮ್ಮಿಯ ಒಲೆ ಸೇರಿರಬೇಕು. ನಿನ್ನ ಅಬ್ಬಾ ಕಿಂಡಿಯ ಕಡೆ ನೋಡಲೇ ಇಲ್ಲ. ನೋಡಿದರೆ ಇತರರ ಕಣ್ಣೂ ನನ್ನತ್ತ ತಿರುಗೀತೆಂದು.

"ಮಾಸ್ತರ, ಇದು ಯಾರ ಪುಸ್ತಕ?" ಎಂದರು ಮಾವನವರು. ಅವರು ಎಂದೂ ದನಿ ಏರಿಸುತ್ತಿರಲಿಲ್ಲ. ಅದಕ್ಕೇ ಮನೆಯೆಲ್ಲ ನಡುಗುತ್ತಿತ್ತು.

"ನನ್ನದ ಐತ್ರಿ, ಗೌಡ್ರ."

"ಆಳು ಮಂದೀಗೆ ಓಡಿ ಹೋಗ್ರಿ ಅಂತ ಹೇಳೂ ಪುಸ್ತಕ ಏನು ಇದು?"

ನಿನ್ನ ಅಬ್ಬಾ ಅಂಥದ್ದೇನೂ ಇಲ್ಲ, ಅಮೆರಿಕಾದ ಕತೆ, ದುರುಗವ್ವನಿಗೂ ಇದಕ್ಕೂ ಸಂಬಂಧವಿಲ್ಲ ಎಂದರು. ಮಾವನವರು ಒಳಗೆ ತಿರುಗಿ ನನ್ನನ್ನು ಕರೆಯಲು ಹೇಳಿದರು. ಕುಷ್ಟಗಿಯ ತನಕ ಹುಡುಕಿದರೂ ಆ ಪುಸ್ತಕ ಓದಬಲ್ಲವರು ಮತ್ತೊಬ್ಬರು ಸಿಗುತ್ತಿರಲಿಲ್ಲ.

ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಬಂದು ನಿಂತೆ. ಪುಸ್ತಕ ನನ್ನ ಕೈಗೆ ಬಂತು. ನಿನ್ನ ಅಬ್ಬಾ ಪೆನ್ಸಿಲಿನ ಗುರುತುಗಳ ಪಕ್ಕ ಸಣ್ಣ ಅಕ್ಷರಗಳಲ್ಲಿ ಅರ್ಥ ಬರೆದಿದ್ದರು, ಅಚ್ಚುಕಟ್ಟಾಗಿ. ಇನ್ನೇನು ಮುಗಿಯುತ್ತ ಬಂದಿತ್ತು.

"ಏನವಾ, ಇದರಾಗ ಆಳು ಓಡಿ ಹೋಗೂದು ಐತೇನು?" ಮಾವನವರು ಕೇಳಿದರು.

ಅಲ್ಲಿ — ಅಲ್ಲಿಯೇ, ಮೆಹರು. ಇದು ಕ್ರೈಸ್ತರ ದೇವರ ಪುಸ್ತಕ ಎನ್ನಬಹುದಿತ್ತು. ಹೊಲಿಗೆಯ ಪುಸ್ತಕ, ಔಷಧದ ಪುಸ್ತಕ, ಏನು ಬೇಕಾದರೂ ಎನ್ನಬಹುದಿತ್ತು. ನಾನು ಹೇಳಿದ್ದೇ ಅದರ ಅರ್ಥವಾಗುತ್ತಿತ್ತು. ಒಂದು ಸುಳ್ಳು ಅವರನ್ನು ಬಿಡಿಸಿ ಮನೆಗೆ ಕಳಿಸುತ್ತಿತ್ತು. ಆದರೆ ಸುಳ್ಳು ಹೇಳಿದರೆ ನನ್ನ ದನಿ ನಡುಗೀತು, ಇವಳು ಯಾಕೆ ಮಾಸ್ತರನನ್ನು ಕಾಯುತ್ತಾಳೆ ಎಂದಾರು —

"ಐತ್ರಿ," ಎಂದೆ.

"ಈ ಪುಸ್ತಕ ನೀ ಮೊದಲ ಕಂಡೀಯೇನು?"

"ಇಲ್ರಿ."

ಒಂದು ನಿಜ, ಒಂದು ಸುಳ್ಳು. ನಿಜವನ್ನು ಎಲ್ಲಿ ನುಂಗಬೇಕಿತ್ತೋ ಅಲ್ಲಿ ಉಗುಳಿದೆ. ಎಲ್ಲಿ ಉಗುಳಬೇಕಿತ್ತೋ ಅಲ್ಲಿ ನುಂಗಿದೆ. ನಿನ್ನ ಅಬ್ಬಾ ಆಗಲೂ ತಲೆಯೆತ್ತಲಿಲ್ಲ.

ಮುಂದಿನದು ನಿನಗೆ ಗೊತ್ತು, ನನಗಿಂತ ಚೆನ್ನಾಗಿ ಗೊತ್ತು. ಅವರನ್ನು ಚಾವಡಿಗೆ ಒಯ್ದರು. ಆಳುಗಳನ್ನು ಎತ್ತಿಕಟ್ಟುವ ಪರದೇಶದ ಪುಸ್ತಕ ಇಟ್ಟುಕೊಂಡಿದ್ದಾರೆಂದು ಪೊಲೀಸ್ ಅಮೀನನಿಗೆ ಹೇಳಿಕಳಿಸಿದರು. ಚಾವಡಿಯಲ್ಲಿ ಬಿದ್ದ ಏಟಿಗೆ ಅವರ ಎಡಗಿವಿ ಹೋಯಿತು. ಬಿಡುಗಡೆಯಾಗಿ ಬಂದಾಗ ಕೆಲಸ ಹೋಗಿತ್ತು. ಗಂಗಾವತಿಯಲ್ಲಿದ್ದ ನಿನ್ನ ಸೋದರಮಾವನ ಮನೆಗೆ ಹೊರಟ ದಿನ ನಿಮ್ಮ ಬಂಡಿ ವಾಡೆಯ ಮುಂದೆಯೇ ಹಾದುಹೋಯಿತು. ನೀನು ಹಾಸಿಗೆಯ ಗಂಟಿನ ಮೇಲೆ ಕೂತು ಮಡಿಲಲ್ಲಿ ಕೋಳಿ ಹಿಡಿದುಕೊಂಡಿದ್ದೆ. ನಿನ್ನ ಅಮ್ಮಿ ಮಾತ್ರ ನಾನು ನಿಂತಿದ್ದ ಮಾಳಿಗೆಯ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನ ಬಸಿರಿನ ಹೊಟ್ಟೆ ನೋಡಿ, ಒಳಗೆ ಹೋಗು ಎಂಬಂತೆ ಕೈ ಆಡಿಸಿದರು.

ಹೆರಿಗೆಗೆ ಗದಗಿಗೆ ಹೋದಾಗ ಬೆಟಗೇರಿಯ ಸಂತೆಯಲ್ಲಿ ದುರುಗವ್ವ ಕಂಡಳು. ಹತ್ತಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಳು, ತಲೆಯ ತುಂಬ ಹತ್ತಿಯ ಎಳೆಗಳು. ನನ್ನ ಕಾಲು ಮುಟ್ಟಲು ಬಂದಳು. ನಾನು ಹಿಂದೆ ಸರಿದೆ. ಊರಿನ ಸುದ್ದಿ ಕೇಳುತ್ತ ಕೇಳುತ್ತ, ತಾನು ಓಡಿ ಬಂದದ್ದಕ್ಕೆ ಯಾರಿಗೂ ತ್ರಾಸಾಗಲಿಲ್ಲ ತಾನೇ ಎಂದು ಕೇಳಿದಳು. ಇಲ್ಲ ಎಂದೆ. ಎಲ್ಲರೂ ಆರಾಮ ಇದ್ದಾರೆ ಎಂದೆ. ಅವಳ ಮುಖ ಹಗುರಾಯಿತು. ಅವಳು ಸಾಯುವ ತನಕ ಅದನ್ನೇ ನಂಬಿದ್ದಳು.

ಅದೇ ಬಾಣಂತನದಲ್ಲಿ ನನ್ನ ಬಾಯಿಯವರು ಮಗು ನೋಡಲು ಬಂದರು. ಪುಸ್ತಕ ಓದಿದೆಯಾ ಎಂದು ಕೇಳಿದರು. ಅಮೆರಿಕಾದ ಆ ಕಾದಂಬರಿಗಾರ್ತಿ ತೀರಿಕೊಂಡಳಂತೆ ಎಂದರು. ಆಮೇಲೆ ಅವಳ ಕೊನೆಯ ಪುಸ್ತಕದ ಮಾತು ತೆಗೆದರು. ಪುಸ್ತಕ ಸುಟ್ಟ ಅದೇ ಊರಿನವರು ಅವಳ ಮುಪ್ಪಿನಲ್ಲಿ ಅವಳನ್ನು ಕರೆಸಿ, ಅವಳು ಹುಟ್ಟಿದ ಜಾಗದಲ್ಲಿ ಹೆಸರಿನ ಕಲ್ಲು ನಿಲ್ಲಿಸಿದರಂತೆ. ಅಲ್ಲಿ ಅವಳಿಗೆ ಗೊತ್ತಾಯಿತಂತೆ — ತಾನು ಬಿಟ್ಟುಹೋದ ದಿನ ಆ ಒಕ್ಕಲುಮನೆಯ ಮುದಿ ಅಡುಗೆಯವಳೇ ತನ್ನನ್ನು ಓಡಿಸಿದಳೆಂದು ಆಕೆಯನ್ನು ಚಳಿಗಾಲದಲ್ಲಿ ಮನೆಯಿಂದ ಹೊರಗೆ ಹಾಕಿದ್ದರು ಎಂದು. ಇಡೀ ಬದುಕು ತನ್ನ ಧೈರ್ಯದ ಕತೆ ಹೇಳಿಕೊಂಡು ಹೆಸರು ಪಡೆದೆ, ಆ ಧೈರ್ಯದ ಬೆಲೆ ಯಾರು ತೆತ್ತರೆಂದು ಒಮ್ಮೆಯೂ ತಿರುಗಿ ಕೇಳಲಿಲ್ಲ ಎಂದು ಅವಳು ಕೊನೆಯ ಪುಸ್ತಕದಲ್ಲಿ ಬರೆದಳಂತೆ. ಕಲ್ಲಿನ ಮೇಲೆ ತನ್ನ ಹೆಸರಿನ ಮೇಲ್ಗಡೆ ಆ ಅಡುಗೆಯವಳ ಹೆಸರು ಕೆತ್ತಿಸಿದಳಂತೆ. ಅವಳ ಓದುಗರಲ್ಲಿ ಕೆಲವರಿಗೆ ಅದು ಸೇರಲಿಲ್ಲವಂತೆ.

ಬಾಯಿಯವರು ಇದನ್ನೆಲ್ಲ ಹೇಳುವಾಗ ನಾನು ಮಗುವಿಗೆ ಹಾಲು ಕುಡಿಸುತ್ತಿದ್ದೆ. ಹಾಲು ನಿಂತುಹೋಯಿತು. ಅವರಿಗೆ ಎಲ್ಲವೂ ಗೊತ್ತಾಗಿದೆ, ಅದಕ್ಕೇ ಬಂದಿದ್ದಾರೆ ಎಂದು ಹೆದರಿದೆ. ಅವರಿಗೇನೂ ಗೊತ್ತಿರಲಿಲ್ಲ. ಸಂತೋಷದಿಂದ ಬಂದಿದ್ದರು, ಸಂತೋಷದಿಂದ ಹೋದರು.

ಗಂಗಾವತಿಯಲ್ಲಿ ನಿನ್ನ ಅಬ್ಬಾ ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಾರೆ ಎಂದು ಕೇಳಿದ್ದೆ. ಹೇಳುವವರು ಬಲಗಡೆ ಬಂದು ಕೂರಬೇಕಂತೆ, ಎಡಗಿವಿ ಕೇಳಿಸದ್ದಕ್ಕೆ. ನಿಜಾಮರ ಆಳ್ವಿಕೆ ಮುಗಿಯುವ ಮೊದಲೇ ಅವರು ತೀರಿಕೊಂಡರು. ಸುದ್ದಿ ಬಂದ ದಿನ ನಾನು ಹಬ್ಬದ ಹೋಳಿಗೆ ಲಟ್ಟಿಸುತ್ತಿದ್ದೆ. ಲಟ್ಟಿಸುತ್ತಲೇ ಇದ್ದೆ.

ಕಾಲ ಬದಲಾಯಿತು. ಮಾವನವರು ಬಿಳಿ ಖಾದಿ ಟೋಪಿ ತೊಟ್ಟರು, ಸಭೆಗಳಲ್ಲಿ ಮುಂದಿನ ಸಾಲಿಗೆ ಬಂದರು. ನಿಜಾಮರ ಆಳ್ವಿಕೆಯ ಕೊನೆಯ ಗಲಾಟೆಯ ದಿನಗಳ ಕತೆಗಳನ್ನು ಊರೂರಿನಲ್ಲಿ ಜನ ಹೇಳಿಕೊಳ್ಳತೊಡಗಿದಾಗ ಅವರೂ ಒಂದು ಕತೆ ಕಟ್ಟಿದರು. ಮಾಸ್ತರ ನಿಜಾಮರ ಕಡೆಯವನಾಗಿದ್ದ, ಊರಿಗೆ ಕೇಡು ಬಗೆಯುತ್ತಿದ್ದ, ತಾನು ಮೊದಲೇ ಗುರುತು ಹಿಡಿದು ಓಡಿಸಿದೆ ಎಂದು. ಅರಿಯದ ನನ್ನ ಮಕ್ಕಳು ಅಜ್ಜನ ತೊಡೆಯ ಮೇಲೆ ಕೂತು ಅದನ್ನು ಕೇಳಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಮೊದಲ ಸಲ ಸುಮ್ಮನಾದಾಗ ನನಗೆ ಪ್ರಾಣಭಯವಿತ್ತು ಎನ್ನಬಹುದು. ಈ ಸಲ? ಗಂಡುಮಕ್ಕಳನ್ನು ಹೆತ್ತವಳು, ಬೀಗದ ಕೈ ಸೊಂಟದಲ್ಲಿದ್ದವಳು. ಈ ಸಲ ಏನಿತ್ತು? ಆ ಕೀಲಿಕೈಯೇ ಇತ್ತು.

ಈಗ ಇದನ್ನು ಬರೆಯುವಂತೆ ಮಾಡಿದವನು ನಿನ್ನ ಮಗ. ಅವನು ನಮ್ಮ ಊರಿನ ಸಾಲೆಗೆ ವರ್ಗವಾಗಿ ಬಂದಿದ್ದಾನೆ. ಮೊನ್ನೆ ಅವನನ್ನು ನನ್ನ ಹಿರಿಯ ಮಗ ಮನೆಗೆ ಚಹಕ್ಕೆ ಕರೆದಿದ್ದ. ಇಮಾಮಸಾಬ್ ಮಾಸ್ತರರ ಮೊಮ್ಮಗ ಎಂದು ತಿಳಿದಾಗ ನನ್ನ ಮಗ ನಕ್ಕು ಹೇಳಿದ, "ನಿಮ್ಮ ಅಜ್ಜ ಆ ಕಾಲದಾಗ ಏನೇನು ಮಾಡ್ಯಾರ ಅಂತ ಕೇಳೀವ್ರಿ. ಹೋಗ್ಲಿ ಬಿಡ್ರಿ, ಹಳೇ ಮಾತು."

ನಿನ್ನ ಮಗ ಚಹದ ಬಸಿಯನ್ನು ನೆಲಕ್ಕಿಟ್ಟು ತಲೆ ತಗ್ಗಿಸಿದ. ಅವನಿಗೆ ಎದುರಾಡಲು ಏನೂ ಗೊತ್ತಿಲ್ಲ ಎಂದು ನನಗೆ ಆಗ ಹೊಳೆಯಿತು — ನೀನೂ ಅವನಿಗೆ ಏನೂ ಹೇಳಿಲ್ಲ, ಆ ಪುಸ್ತಕ ಯಾರದೆಂದು ನಿನಗೂ ಯಾರೂ ಹೇಳಿಲ್ಲ. ನಿನ್ನ ಅಬ್ಬಾ ಮಕ್ಕಳ ಮುಂದೆಯೂ ನನ್ನ ಹೆಸರು ತೆಗೆದಿಲ್ಲ. ನಾನು ಗೊತ್ತಿಲ್ಲದವಳಂತೆ ಒಳಗೆದ್ದು ಹೋದೆ.

ನಿನ್ನೆ ಮಗನಿಗೆ ಎಲ್ಲ ಹೇಳಿದೆ. ಅವನು ಊಟ ಬಿಟ್ಟೆದ್ದ. ಸತ್ತವರ ಮರ್ಯಾದೆ ತೆಗೆಯಬೇಡ, ವಯಸ್ಸಾಯಿತು, ಸುಮ್ಮನಿರು ಎಂದ. ಅವನ ದನಿ ಏರಲಿಲ್ಲ. ಅಜ್ಜನ ದನಿಯೇ ಅದು.

ಆದರೂ ಒಂದು ವಾರ ಬಿಟ್ಟು ಬರುವ ಸೋಮವಾರ ಸಾಲೆಯ ಪ್ರಾರ್ಥನೆಯ ಹೊತ್ತಿಗೆ ಹೋಗುತ್ತೇನೆ. ಮಕ್ಕಳು, ಮಾಸ್ತರರು, ಊರಿನ ನಾಲ್ಕು ಮಂದಿ ಇರುತ್ತಾರೆ. ನಿನ್ನ ಮಗನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಹೇಳುವುದಿಲ್ಲ. ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಅಲ್ಲಿಯ ತನಕ ಧೈರ್ಯ ಉಳಿಯದಿದ್ದರೆ ಎಂದು ಇದನ್ನು ಇಂದೇ ಟಪಾಲಿಗೆ ಹಾಕುತ್ತಿದ್ದೇನೆ. ಇದು ನಿನ್ನ ಕೈ ಸೇರಿದ ಮೇಲೆ ನಾನು ಹಿಂದೆ ಸರಿಯಲಾರೆ.

ಕ್ಷಮಿಸಿದೆ ಎಂದು ಮಾತ್ರ ಬರೆಯಬೇಡ, ಮೆಹರು. ನಿಮ್ಮ ಮನೆಯವರು ಬರೆದಾರು, ನನಗೆ ಗೊತ್ತು. ಬರೆದರೆ ಅಷ್ಟೇ ಸಾಕೆಂದು ನಾನು ಸೋಮವಾರ ಮನೆಯಲ್ಲೇ ಉಳಿದುಬಿಡುತ್ತೇನೆ.